ಐದನೇ ತಿಂಗಳಲ್ಲಿ ದಿನವಿಡೀ ನಿಂತು ಕೆಲಸ ಮಾಡಿದರೆ ಮಗುವಿಗೆ ತೊಂದರೆಯೇ? ಕೆಲಸ ಬಿಡಬೇಕೇ?

ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ, ಈಗ ಐದು ತಿಂಗಳು, ಬೆಳಗ್ಗೆಯಿಂದ ಸಂಜೆವರೆಗೆ ನಿಂತೇ ಇರಬೇಕು, ಮನೆಯಲ್ಲಿ ಕೆಲಸ ಬಿಡು ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನೀವೂ ಮಗುವೂ ಇಲ್ಲಿಯವರೆಗೆ ಆರೋಗ್ಯವಾಗಿದ್ದರೆ ಕೆಲಸ ಬಿಡಬೇಡಿ, ನಿಲ್ಲುವುದನ್ನು ಬಿಡಿ ಅಂತಲೇ ನಾನು ಹೇಳುವುದು.

ದುಡಿಯುವುದರಿಂದಲೇ ಮಗುವಿಗೆ ಕೆಡುಕು ಅನ್ನುವುದಕ್ಕೆ ಆಧಾರವಿಲ್ಲ. ತಿಂಗಳ ಸಂಬಳ ನಿಂತು ತಟ್ಟೆಯಲ್ಲಿ ಕಾಳು, ಮೊಟ್ಟೆ, ಹಾಲು ಕಡಿಮೆಯಾದರೆ ಅದೇ ದೊಡ್ಡ ನಷ್ಟ. 37 ವಾರ ತುಂಬುವ ಮೊದಲೇ ಹೆರಿಗೆಯಾಗುವುದು, ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಗುವುದು, ಗರ್ಭಪಾತ, ಇವುಗಳ ಅಪಾಯ ಹೆಚ್ಚಿಸುವುದು ಕೆಲಸದೊಳಗಿನ ಕೆಲವು ಸಂಗತಿಗಳು: ಗಂಟೆಗಟ್ಟಲೆ ನಿಲ್ಲುವುದು, ಭಾರ ಎತ್ತುವುದು, ರಾತ್ರಿ ಪಾಳಿ, ಮೇಲಿಂದ ಮೇಲೆ ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆ), ವಿಪರೀತ ಸೆಕೆ. ಒಂದೊಂದರಿಂದ ಆಗುವ ಏರಿಕೆ ಸಾಮಾನ್ಯವಾಗಿ ಸಣ್ಣದೇ. ಹತ್ತಾರು ವರ್ಷ ನಿಂತು ಕೆಲಸ ಮಾಡಿದ ಲಕ್ಷಾಂತರ ಹೆಣ್ಣುಮಕ್ಕಳಿಗೆ ದಿನ ತುಂಬಿಯೇ ಹೆರಿಗೆಯಾಗಿದೆ. ಆದರೆ ನಿಲ್ಲುವುದು, ಎತ್ತುವುದು, ಓಟಿ ಮೂರೂ ಒಬ್ಬರ ಮೇಲೇ ಬಿದ್ದು, ಜೊತೆಗೆ ರಕ್ತಹೀನತೆಯೂ ಇದ್ದರೆ ಲೆಕ್ಕ ಬೇರೆ. ಭಾರತದಲ್ಲಿ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ.

ನಿಂತಾಗ ಏನಾಗುತ್ತದೆಂದರೆ, ಬೆಳೆದ ಗರ್ಭಕೋಶ ಕಾಲಿನಿಂದ ಮೇಲೆ ಬರುವ ರಕ್ತನಾಳಗಳನ್ನು ಒತ್ತುತ್ತದೆ, ರಕ್ತ ಕಾಲಲ್ಲೇ ನಿಲ್ಲುತ್ತದೆ, ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ. ಪಾದ ಊದುವುದು, ತಲೆ ಸುತ್ತುವುದು, ಸಂಜೆ ಹೊಟ್ಟೆ ಬಿಗಿಯುವುದು ಇದರಿಂದಲೇ ಇರಬಹುದು. ಒಂದೇ ಕಡೆ ಅಲುಗಾಡದೆ ನಿಲ್ಲುವುದಕ್ಕಿಂತ ನಾಲ್ಕು ಹೆಜ್ಜೆ ಓಡಾಡುವುದು ವಾಸಿ. ಚೆಕಿಂಗ್ ಟೇಬಲ್ಲಿನ ಎತ್ತರಕ್ಕೆ ಸರಿಹೋಗುವ ಸ್ಟೂಲ್ ಕೇಳಿ. ಅದು ಸಿಗುವವರೆಗೆ ಗಿಡ್ಡ ಪೆಟ್ಟಿಗೆಯೊಂದರ ಮೇಲೆ ಒಂದು ಕಾಲಿಟ್ಟು ಬದಲಾಯಿಸುತ್ತಿರಿ, ಊಟದ ಬಿಡುವಿನಲ್ಲಿ ಹತ್ತು ನಿಮಿಷ ಎಡಮಗ್ಗುಲಿಗೆ ಮಲಗಿ.

ಭಾರದ ವಿಷಯದಲ್ಲಿ, ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯೊಂದರ ಮಾರ್ಗಸೂಚಿ ಉಪಯುಕ್ತ. 20 ವಾರದ ನಂತರ, ಮೈಗೆ ಹತ್ತಿರ ಹಿಡಿದು ಅಪರೂಪಕ್ಕೆ ಎತ್ತುವುದಾದರೆ ಸುಮಾರು 12 ಕಿಲೋ, ದಿನವಿಡೀ ಪದೇಪದೇ ಎತ್ತುವುದಾದರೆ ಸುಮಾರು 6 ಕಿಲೋ ಮಿತಿ. ನೆಲದಿಂದ ಬಗ್ಗಿ ಎತ್ತುವುದು, ತಲೆಯ ಮೇಲಕ್ಕೆ ಎತ್ತುವುದು ಎಷ್ಟು ಹಗುರವಿದ್ದರೂ ಬೇಡ. ಬಟ್ಟೆಯ ಬಂಡಲ್ ಹೆಲ್ಪರ್ ಕೈಲಿ ಟೇಬಲ್ ಮೇಲೇ ಇಡಿಸಿಕೊಳ್ಳಿ.

ನನಗೆ ಎಲ್ಲಕ್ಕಿಂತ ಚಿಂತೆಯ ವಿಷಯ ನೀರು. ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಬೈಯುತ್ತಾರೆ ಅಂತ ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ಎಷ್ಟೋ ಮಂದಿ ನೀರೇ ಕುಡಿಯುವುದಿಲ್ಲ. ನೀರು ಕಡಿಮೆಯಾಗಿ, ಮೂತ್ರ ಕಟ್ಟಿಕೊಂಡರೆ ಸೋಂಕು. ಚಿಕಿತ್ಸೆಯಾಗದ ಸೋಂಕು ಕಿಡ್ನಿಗೇರಿದರೆ ದಿನ ತುಂಬುವ ಮೊದಲೇ ನೋವು ಶುರುವಾಗಬಹುದು. ಒಂದು ಲೀಟರ್ ಬಾಟಲಿ ಟೇಬಲ್ ಪಕ್ಕ ಇಟ್ಟುಕೊಳ್ಳಿ, ಊಟದ ಹೊತ್ತಿಗೆ ಖಾಲಿಯಾಗಬೇಕು, ಆಮೇಲೆ ಇನ್ನೊಂದು. ಮೂತ್ರ ಗಾಢ ಹಳದಿಯಾಗಿದ್ದರೆ ಸಾಲದು ಎಂದರ್ಥ. ಉರಿ ಕಂಡರೆ ಅದೇ ದಿನ ತೋರಿಸಿ. ಐರನಿಂಗ್ ಸ್ಟೀಮ್ ಹತ್ತಿರ ನಿಮ್ಮ ಜಾಗವಿದ್ದರೆ ಬದಲಾಯಿಸಿಕೊಳ್ಳಿ. ತಮಿಳುನಾಡಿನಲ್ಲಿ 800 ಗರ್ಭಿಣಿಯರ ಮೇಲೆ ನಡೆದ ಅಧ್ಯಯನದಲ್ಲಿ, ಸೆಕೆಯಲ್ಲಿ ದುಡಿದವರಿಗೆ ಗರ್ಭಪಾತದ ಅಪಾಯ ಸುಮಾರು ಎರಡುಪಟ್ಟು ಕಂಡುಬಂದಿತ್ತು. ಕಲೆ ತೆಗೆಯುವ ಸ್ಪ್ರೇ ಹೊಡೆಯುವ ಕೋಣೆಗಂತೂ ಹೋಗಲೇಬೇಡಿ.

ಕಬ್ಬಿಣದ ಮಾತ್ರೆಯನ್ನು ಹತ್ತು ಗಂಟೆಯ ಟೀ ಜೊತೆ ನುಂಗುವುದು ತುಂಬ ಸಾಮಾನ್ಯ. ಟೀ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ರಾತ್ರಿ ಊಟವಾಗಿ ಒಂದು ಗಂಟೆಯ ಮೇಲೆ ನೀರಿನಲ್ಲಿ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಮಾತ್ರೆ ಬೆಳಗ್ಗೆ ಮತ್ತು ಮಧ್ಯಾಹ್ನ ಊಟದ ಜೊತೆ. ಎರಡನ್ನೂ ಒಟ್ಟಿಗೆ ಬೇಡ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಮಾತ್ರೆಯ ಪ್ರಮಾಣ ಬದಲಾಗಬೇಕು, ಡಾಕ್ಟರನ್ನು ಕೇಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇರುತ್ತದೆ.

ಕೆಲಸದಲ್ಲಿನ ಈ ಬದಲಾವಣೆ ಬಾಯಿಮಾತಲ್ಲಿ ಕೇಳಿದರೆ ಎರಡು ದಿನ ನಡೆದು ಮೂರನೇ ದಿನ ಮರೆತುಹೋಗುತ್ತದೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಡಾಕ್ಟರಿಂದ ಚೀಟಿ ಬರೆಸಿ. ‘ಹಗುರ ಕೆಲಸ ಕೊಡಿ’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ, ಯಾವುದು ಹಗುರ ಎಂದು ಸೂಪರ್‌ವೈಸರ್ ತೀರ್ಮಾನಿಸುತ್ತಾರೆ. ಕುಳಿತು ಮಾಡುವ ಕೆಲಸ, ನೆಲದಿಂದ ಎತ್ತಿಸಬಾರದು, ಓಟಿ ಮತ್ತು ರಾತ್ರಿ ಪಾಳಿ ಬೇಡ, ಬೇಕೆಂದಾಗ ಶೌಚಾಲಯಕ್ಕೆ ಬಿಡಬೇಕು ಎಂದು ಬಿಡಿಸಿ ಬರೆಸಿ. ಎಚ್‌ಆರ್‌ಗೆ ಕೊಟ್ಟು ಜೆರಾಕ್ಸ್ ಪ್ರತಿಯ ಮೇಲೆ ಸಹಿ, ತಾರೀಕು ಹಾಕಿಸಿಕೊಳ್ಳಿ.

ರಕ್ತ ಅಥವಾ ನೀರು ಹೋದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮುಖ ಮತ್ತು ಕೈ ಊದಿದರೆ, ಲಯಬದ್ಧವಾಗಿ ಹೊಟ್ಟೆ ಬಿಗಿಯತೊಡಗಿದರೆ, ಏಳನೇ ತಿಂಗಳ ನಂತರ ಮಗುವಿನ ಅಲುಗಾಟ ಕಡಿಮೆಯಾದರೆ ಪಾಳಿ ಮುಗಿಯಲಿ ಅಂತ ಕಾಯಬೇಡಿ, 108ಕ್ಕೆ ಕರೆಮಾಡಿ. ತಾಯಿ ಕಾರ್ಡ್ ಬ್ಯಾಗಿನಲ್ಲೇ ಇರಲಿ. ಹಿಂದೆ ಅವಧಿಗೆ ಮುಂಚೆ ಹೆರಿಗೆಯಾಗಿದ್ದರೆ, ಅವಳಿ ಇದ್ದರೆ, ಬಿಪಿ 140/90 ಮುಟ್ಟಿದ್ದರೆ ಕೆಲಸ ಬಿಡಬೇಡಿ ಎಂದು ನಾನು ಮೇಲೆ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ, ಕೆಲಸದ ಬಗ್ಗೆ ನಿಮ್ಮ ಡಾಕ್ಟರೇ ಹೇಳಬೇಕು.

ರಜೆಯ ಲೆಕ್ಕ: ಇಎಸ್‌ಐನಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ, ಪೂರ್ತಿ ದಿನಗೂಲಿಯ ದರದಲ್ಲಿ. ಇದರಲ್ಲಿ ಹೆರಿಗೆಗೆ ಮುಂಚೆ 8 ವಾರ ತನಕ ತೆಗೆದುಕೊಳ್ಳಬಹುದು. ಹಿಂದಿನ ಎರಡು ವಂತಿಗೆ (ಸಂಬಳದಿಂದ ಇಎಸ್‌ಐಗೆ ಕಟ್ಟುವ ಹಣ) ಅವಧಿಗಳಲ್ಲಿ (ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್) ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು. ಬಸಿರಿನಿಂದಲೇ ಕಾಯಿಲೆಯಾದರೆ ಅಥವಾ ಮಗು ಬೇಗ ಹುಟ್ಟಿದರೆ ಇನ್ನೂ ಒಂದು ತಿಂಗಳು ಸಿಗುತ್ತದೆ. ‘ಈಗ ರಾಜೀನಾಮೆ ಬರೆದುಕೊಡು, ಹೆರಿಗೆಯಾದ ಮೇಲೆ ಹೊಸದಾಗಿ ಸೇರಿಕೋ’ ಎಂದು ಯಾರಾದರೂ ಹೇಳಿದರೆ ಸಹಿ ಹಾಕಬೇಡಿ. ಮೊದಲು ಇಎಸ್‌ಐ ಶಾಖಾ ಕಚೇರಿಗೆ ಹೋಗಿ ನಿಮ್ಮ ವಂತಿಗೆಯ ದಿನಗಳನ್ನು ನೋಡಿಸಿ.