ಡುಪ್ಲೆಕ್ಸರ್ ಒಂದು ಸಾಲಿನ ಮಾತಲ್ಲ

ಪೆರ್ಲದಿಂದ ಬರೆದವರಿಗೆ,

ನೀವು ಕಳಿಸಿದ ‘ಒಂದೇ ಪೆಟ್ಟಿಗೆಯಲ್ಲಿ ಹ್ಯಾಮ್ ರಿಪೀಟರ್’ ಲೇಖನ ಓದಿದೆವು. ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ಸಿಗ್ನಲನ್ನು ಒಂದು ಆವರ್ತನದಲ್ಲಿ ಕೇಳಿ ಅದೇ ಹೊತ್ತಿಗೆ ಇನ್ನೊಂದರಲ್ಲಿ ಜೋರಾಗಿ ಮರುಕಳಿಸುವ ಯಂತ್ರ ಕಟ್ಟುವ ಬಗೆ ಅದು. ಈಗಿರುವ ಹಾಗೆ ಹಾಕಲಾಗದು. ಎಂಟು ಪುಟಗಳಲ್ಲಿ ಮೂರನ್ನು ರೇಡಿಯೋ ಪ್ರವರ್ತಕ ಮಾರ್ಕೋನಿಯೇ ತಿಂದಿದ್ದಾನೆ. ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತವರಿಗೆ ಅವನಿಂದ ಆಗಬೇಕಾದ್ದೇನೂ ಇಲ್ಲ. ‘ಪುನಃಪ್ರಸಾರಕ’ ಕೂಡ ಬೇಡ. ಹ್ಯಾಮ್‌ಗಳ ಬಾಯಲ್ಲಿರುವುದು ರಿಪೀಟರ್ ಎಂದೇ.

ನಮ್ಮ ದೊಡ್ಡ ತಕರಾರು ಆರನೇ ಪುಟದ ಒಂದು ಸಾಲಿನ ಮೇಲೆ: “ನಂತರ ಡುಪ್ಲೆಕ್ಸರ್ ಜೋಡಿಸಿ.” ಲೇಖನ ಶುರುವಾಗಬೇಕಾದ್ದೇ ಅಲ್ಲಿ. ಒಂದೇ ಆಂಟೆನಾದಲ್ಲಿ ಕೇಳುವುದನ್ನೂ ಕಳಿಸುವುದನ್ನೂ ಬೇರ್ಪಡಿಸುವ ಫಿಲ್ಟರ್ ಅದು. ಎರಡು ಮೀಟರ್ ಬ್ಯಾಂಡಿನಲ್ಲಿ ಕೇಳುವ, ಕಳಿಸುವ ಆವರ್ತನಗಳ ನಡುವೆ ಇರುವುದು ಬರೇ 600 ಕಿಲೋಹರ್ಟ್ಸ್. 10 ವಾಟ್ ಉಗುಳುವ ಟ್ರಾನ್ಸ್‌ಮಿಟರ್, ಅದರಿಂದ ಗೇಣು ದೂರದಲ್ಲಿ 0.2 ಮೈಕ್ರೋವೋಲ್ಟ್‌ಗೆ ಕಿವಿಗೊಟ್ಟ ರಿಸೀವರ್: ಅಂತರ ಸುಮಾರು 160 ಡೆಸಿಬೆಲ್. ಅದರಲ್ಲಿ 80ರಷ್ಟನ್ನು ಡುಪ್ಲೆಕ್ಸರ್ ತಡೆದರೂ, ನೀವು ಹಾಕಿದ ಆರ್‌ಜಿ-58 ಕೇಬಲಿನ ಒಂಟಿ ತಂತಿಹೆಣಿಗೆಯ ಹೊದಿಕೆಯಿಂದ ಸೋರಿದ ಸಿಗ್ನಲ್ ಹಿತ್ತಿಲ ಬಾಗಿಲಲ್ಲಿ ಒಳಬರುತ್ತದೆ. ಎರಡು ಹೆಣಿಗೆಯ ಆರ್‌ಜಿ-223 ಅಥವಾ ಆರ್‌ಜಿ-400 ಬಳಸಿ. ರಿಸೀವರಿಗೆ ಪೆಟ್ಟಿಗೆಯೊಳಗೇ ಪ್ರತ್ಯೇಕ ಎರಕದ ಅಲ್ಯೂಮಿನಿಯಂ ಡಬ್ಬಿ ಇರಲಿ. ಅದರೊಳಗೆ ಹೋಗುವ ಕರೆಂಟು, ಆಡಿಯೋ ತಂತಿಗಳೆಲ್ಲ ರೇಡಿಯೋ ಸಿಗ್ನಲನ್ನು ಡಬ್ಬಿಯ ಗೋಡೆಯಲ್ಲೇ ತಡೆಯುವ 1000 ಪಿಕೋಫ್ಯಾರಡ್ ಫೀಡ್‌ಥ್ರೂ ಕೆಪಾಸಿಟರ್ ದಾಟಿಯೇ ಹೋಗಲಿ.

“ಚೆನ್ನಾಗಿ ಕೆಲಸ ಮಾಡುತ್ತದೆ” ಎಂದಿದ್ದೀರಿ. ಅಳೆದು ನೋಡಿದ್ದೀರಾ? ಆಂಟೆನಾ ಕಳಚಿ, ಅದರ ಬದಲು ಶಕ್ತಿಯನ್ನು ಶಾಖವಾಗಿ ನುಂಗುವ ಡಮ್ಮಿ ಲೋಡ್ ಹಾಕಿ, ಸಿಗ್ನಲನ್ನು ಅಲ್ಪವಾಗಿ ಒಳಬಿಡುವ ಕಪ್ಲರ್ ಮೂಲಕ ‘ಹಿಸ್’ ಸದ್ದಿನಡಿ ಟೋನ್ ಕಷ್ಟದಲ್ಲಿ ಕೇಳುವಷ್ಟೇ ಸಿಗ್ನಲ್ ಕೊಡಿ. ಈಗ ಟ್ರಾನ್ಸ್‌ಮಿಟರ್ ಚಾಲೂ ಮಾಡುವ ಪಿಟಿಟಿ ಗುಂಡಿಯನ್ನು ಕೈಯಲ್ಲೇ ಒತ್ತಿ, ಬಿಡಿ. ಒತ್ತಿದಾಗ ಹಿಸ್ ಏರಿ ಟೋನ್ ಮುಳುಗಿದರೆ ರಿಸೀವರ್ ಕಿವುಡಾಗುತ್ತಿದೆ ಎಂದರ್ಥ. ರಿಸೀವರಿನ ಡಬ್ಬಿಯನ್ನು ಹೊರಗಿಟ್ಟಾಗ ಸರಿಹೋದರೆ ಒಳಗಡೆ ಸೋರಿಕೆ. ಹೋಗದಿದ್ದರೆ ಮೊದಲು ಡುಪ್ಲೆಕ್ಸರಿನ ಟ್ಯೂನಿಂಗ್ ನೋಡಿ. ಡಮ್ಮಿ ಲೋಡಿನಲ್ಲಿ ಸರಿಯಿದ್ದು ಆಂಟೆನಾ ಹಾಕಿದಾಗ ಮಾತ್ರ ತೊಂದರೆಯೆಂದರೆ ಮಾಸ್ಟಿನ ತುಕ್ಕು ಹಿಡಿದ ಕ್ಲಾಂಪು, ಬೋಲ್ಟುಗಳನ್ನು ಪರೀಕ್ಷಿಸಿ. ಕಡಲ ಉಪ್ಪುಗಾಳಿಯ ಊರಿನಲ್ಲಿ ಇದು ಮಾಮೂಲು.

ಪೆಟ್ಟಿಗೆಯೊಳಗೆ ಫ್ಯಾನ್ ಇಟ್ಟಿದ್ದೂ ತಪ್ಪು. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಹೀಟ್‌ಸಿಂಕ್ ಹೊರಗೋಡೆಗೆ ಬರಲಿ, 25 ವಾಟಿನ ಸೆಟ್ಟನ್ನು 10ರಲ್ಲೇ ಓಡಿಸಿ. ಬಿಸಿಯೇರಿದರೆ ಡುಪ್ಲೆಕ್ಸರಿನ ನಾಚ್, ಅಂದರೆ ಅದು ತಡೆಯುವ ಆವರ್ತನ, ಜಾರುತ್ತದೆ. ಬೆಳಿಗ್ಗೆ ಸರಿಯಿದ್ದ ರಿಪೀಟರ್ ಮಧ್ಯಾಹ್ನ ಕೇಳದಿರುವುದು ಹೀಗೆ.

ರಿಸೀವರಿನಲ್ಲಿ ಸಿಗ್ನಲಿನಿಂದ ದನಿ ತೆಗೆಯುವ ಡಿಸ್ಕ್ರಿಮಿನೇಟರಿನಿಂದ ಟ್ರಾನ್ಸ್‌ಮಿಟರಿನ ಮೈಕಿಗೆ ನೇರ ತಂತಿ ಎಳೆದಿದ್ದೀರಿ. ಮೈಕ್ ದಾರಿಯಲ್ಲಿ ಮೇಲ್‌ಸ್ವರಗಳನ್ನು ಎತ್ತುವ ಪ್ರಿ-ಎಂಫಸಿಸ್ ಇರುವುದರಿಂದ ದನಿ ಕೀರಲಾಗುತ್ತದೆ. ನಡುವೆ ಅವನ್ನು ತಗ್ಗಿಸುವ ಡಿ-ಎಂಫಸಿಸ್ ಬೇಕು.

ಮುರಕಲ್ಲು ಪಾರೆಯ ಮೇಲೆ ಅರ್ತ್ ಒಂದೇ ಸರಳಿನಿಂದ ಆಗದು, ಮಿಂಚಿನ ಅರೆಸ್ಟರು, ಮಾಸ್ಟು, ಪವರ್ ಸಪ್ಲೈ ಎಲ್ಲ ಒಂದೇ ತಾಮ್ರದ ಪಟ್ಟಿಗೆ ಸೇರಬೇಕು ಎಂದು ಬರೆದ ಭಾಗ ಬಹಳ ಚೆನ್ನಾಗಿದೆ. ಅಕ್ಷರವನ್ನೂ ಮುಟ್ಟಬೇಡಿ.

ಐದು ಪುಟಕ್ಕೆ ಇಳಿಸಿ, ಒಳಜೋಡಣೆಯ ನಕ್ಷೆಯನ್ನು ಅಳತೆ ಸಮೇತ ಬರೆದು, ಪಿಟಿಟಿ ಒತ್ತಿದಾಗಿನ ಮತ್ತು ಬಿಟ್ಟಾಗಿನ ರಿಸೀವರ್ ಸಂವೇದನೆಯ ಎರಡು ಅಂಕಿಗಳೊಂದಿಗೆ ಕಳಿಸಿ. ಅಂಕಿಗಳಿಲ್ಲದೆ ಕಳಿಸಬೇಡಿ.

ಸಂಪಾದಕ