ನಾಸಾ ಬಾಹ್ಯಾಕಾಶ ಯಾನಗಳನ್ನು ನಿಯಂತ್ರಿಸುವ ಹ್ಯೂಸ್ಟನ್ ಮಿಷನ್ ಕಂಟ್ರೋಲ್‌ನಲ್ಲಿ ನೌಕೆಯ ಡೇಟಾ ಎಲ್ಲರ ಪರದೆಗೂ ಒಟ್ಟಿಗೇ ತಲುಪುವುದು ಹೇಗೆ?

ಎಲ್ಲ ಡೇಟಾವನ್ನೂ ಎಲ್ಲರಿಗೂ ಕಳಿಸುವುದಿಲ್ಲ. ಯಾರು ಏನು ಕೇಳಿದ್ದಾರೋ ಅಷ್ಟನ್ನೇ, ಅದೂ ಅಂಕಿ ಬದಲಾದಾಗ ಮಾತ್ರ ಕಳಿಸುತ್ತಾರೆ. ಅಪೊಲೊ ಕಾಲದಲ್ಲಿ ಲೆಕ್ಕವೆಲ್ಲ ಐಬಿಎಂ 360/75 ಮೇನ್‌ಫ್ರೇಮ್‌ಗಳದ್ದು, ಅಂದರೆ ದೊಡ್ಡ ಕೇಂದ್ರ ಕಂಪ್ಯೂಟರ್‌ಗಳದ್ದು. 1990ರ ದಶಕದಲ್ಲಿ ಅದು ನೆಟ್‌ವರ್ಕ್‌ಗೆ ಜೋಡಿಸಿದ ಯುನಿಕ್ಸ್ ವರ್ಕ್‌ಸ್ಟೇಷನ್‌ಗಳಿಗೆ (ಮೇಜಿನ ಮೇಲಿನ ಶಕ್ತಿಶಾಲಿ ಕಂಪ್ಯೂಟರ್‌ಗಳಿಗೆ) ಹಂಚಿಹೋಯಿತು. ಈ ಹಂಚಿದ ವ್ಯವಸ್ಥೆಯಲ್ಲಿ ಪ್ರತಿ ಪ್ರೋಗ್ರಾಂ ತನಗೆ ಬೇಕಾದ ಅಳತೆಯ ಹೆಸರನ್ನು, ಉದಾಹರಣೆಗೆ ಇಂಧನ ಟ್ಯಾಂಕಿನ ಒತ್ತಡವನ್ನು, ಸರ್ವರ್‌ನಲ್ಲಿ ನೋಂದಾಯಿಸುತ್ತದೆ. ತಾನು ಲೆಕ್ಕ ಹಾಕಿದ ಫಲಿತಾಂಶವನ್ನೂ ಅಲ್ಲಿಗೇ ಹಾಕಬಹುದು. ಪಕ್ಕದ ಕನ್ಸೋಲಿನವರು (ನಿಯಂತ್ರಣ ಮೇಜಿನವರು) ಮತ್ತೆ ಅದೇ ಲೆಕ್ಕ ಮಾಡಬೇಕಿಲ್ಲ.

ಎಡವಟ್ಟಾಗುವುದು ಇಲ್ಲೇ: ಅಂಕಿ ಅಲುಗದಿದ್ದರೆ ಒತ್ತಡ ನಿಜಕ್ಕೂ ಸ್ಥಿರವಾಗಿದೆಯೋ, ಸಿಗ್ನಲ್ಲೇ ಕಡಿದುಹೋಗಿದೆಯೋ? ಅದಕ್ಕೇ ಪ್ರತಿ ಅಂಕಿಯ ಜೊತೆ ಸ್ಥಿತಿಯ ಗುರುತೊಂದು ಹೋಗುತ್ತದೆ. ಸಂಪರ್ಕ ತಪ್ಪಿದ ಕೂಡಲೇ ಅಂಕಿ ಹಾಗೇ ಉಳಿದರೂ ಗುರುತು ಬದಲಾಗುತ್ತದೆ. ಇದು ಹಳೆಯ ಅಂಕಿ ಎಂದು ಪರದೆಯೇ ತೋರಿಸುತ್ತದೆ.