ನಾಲಿಗೆ ಆಮೇಲೆ, ಮೊದಲು ಕೈ

ಪ್ರಶ್ನೆ: ಆರು ವರ್ಷದಿಂದ ನಾಟಕ ಮಾಡುತ್ತಿದ್ದೇನೆ. ಈಗ ಆಸ್ಪತ್ರೆ ಕಥೆಯ ಸೀರಿಯಲ್‌ನಲ್ಲಿ ಎಮರ್ಜೆನ್ಸಿ ಡಾಕ್ಟರ್ ಪಾತ್ರ ಸಿಕ್ಕಿದೆ. ಡೈಲಾಗ್ ತುಂಬ ಮೆಡಿಕಲ್ ಪದಗಳು, ನಾಲಿಗೆ ಹೊರಳುವುದೇ ಇಲ್ಲ. ಶೂಟಿಂಗ್‌ಗೆ ಮೂರು ವಾರ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೈಯಿಂದ. ನಾನು ಮೊದಲ ಸಲ ಡಾಕ್ಟರ್ ಆದಾಗ ಡೈಲಾಗ್ ಎಲ್ಲ ಅರೆದು ಕುಡಿದಿದ್ದೆ, ಆದರೆ ಸ್ಟೆತಾಸ್ಕೋಪ್ ಉಲ್ಟಾ ಹಾಕಿಕೊಂಡಿದ್ದೆ. ಕಿವಿಗೆ ಹೋಗುವ ತುದಿಗಳು ಮುಂದಕ್ಕೆ, ಮೂಗಿನ ಕಡೆಗೆ ಬಾಗಿರಬೇಕು. ಸೆಟ್‌ನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಪ್ರಸಾರವಾದ ರಾತ್ರಿ ನರ್ಸ್ ಆಗಿರುವ ನಮ್ಮ ಅತ್ತಿಗೆ ಫೋನ್ ಮಾಡಿ ನಕ್ಕಿದ್ದೇ ನಕ್ಕಿದ್ದು.

ಒಂದು ಡಬ್ಬ ಗ್ಲೌಸ್ ತಂದಿಟ್ಟುಕೊಳ್ಳಿ. ಡೈಲಾಗ್ ಹೇಳುತ್ತಲೇ ಹಾಕಿ, ಬಿಚ್ಚಿ. ಬಿಚ್ಚುವುದಕ್ಕೂ ಕ್ರಮ ಇದೆ: ಮಣಿಕಟ್ಟಿನ ಹತ್ತಿರ ಹೊರಗಿನಿಂದ ಚಿವುಟಿ ಹಿಡಿದು ಮಗುಚಿ ಎಳೆಯಬೇಕು, ಬಂದದ್ದನ್ನು ಇನ್ನೊಂದು ಮುಷ್ಟಿಯಲ್ಲಿ ಇಟ್ಟುಕೊಂಡು ಬರಿಬೆರಳನ್ನು ಎರಡನೆಯದರ ಒಳಗೆ ತೂರಿಸಿ ಎಳೆದರೆ ಮೊದಲನೆಯದು ಅದರೊಳಗೇ ಉಂಡೆಯಾಗಿ ಕೂರುತ್ತದೆ. ಹೊರಮೈ ಚರ್ಮಕ್ಕೆ ತಾಗಬಾರದು. ಕೈ ನೋಡದೆ ಇದು ಬಂತು ಅಂದರೆ ಅರ್ಧ ಡಾಕ್ಟರ್ ಆದ ಹಾಗೆ.

ಪದಗಳ ವಿಷಯ. ಅರ್ಥ ಗೊತ್ತಿಲ್ಲದ ಪದ ಬಾಯಲ್ಲಿ ನಿಲ್ಲುವುದಿಲ್ಲ. ಟ್ಯಾಕಿಕಾರ್ಡಿಯಾ ಅಂದರೆ ಎದೆಬಡಿತ ಜೋರಾಗಿದೆ, ದೊಡ್ಡವರಲ್ಲಿ ನಿಮಿಷಕ್ಕೆ 100 ದಾಟಿದೆ, ಅಷ್ಟೇ. ಇಂಟ್ಯುಬೇಟ್ ಅಂದರೆ ಉಸಿರಿನ ದಾರಿಗೆ ಕೊಳವೆ ಹಾಕುವುದು. ಕನ್ನಡದಲ್ಲಿ ಬರೆದುಕೊಂಡು, ತುಂಡು ಮಾಡಿ, ಪಾತ್ರೆ ತೊಳೆಯುವಾಗ ಹೇಳಿಕೊಳ್ಳಿ. ಡಾಕ್ಟರಿಗೆ ಅದು ದಿನಾ ಆಡುವ ಮಾತು, ಉಪ್ಪು ಕೊಡಿ ಅನ್ನುವಷ್ಟು ಸಲೀಸು. ಹೊಸ ನಟರು ಅದನ್ನೇ ಒತ್ತಿ ಒತ್ತಿ ಹೇಳಿ ಸಿಕ್ಕಿಬೀಳುತ್ತಾರೆ.

ಎದೆ ಒತ್ತುವ ಸೀನ್ ಬಂದೇ ಬರುತ್ತದೆ. ನಿಜವಾದ ಲೆಕ್ಕ ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ಮೊಣಕೈ ನೆಟ್ಟಗೆ. ಬದುಕಿರುವ ಸಹನಟನ ಎದೆ ಮೇಲೆ ಮಾತ್ರ ಹಾಗೆ ಒತ್ತಲೇಬೇಡಿ, ಪಕ್ಕೆಲುಬು ಮುರಿಯಬಹುದು. ಅದಕ್ಕೇ ನಟರು ಮೊಣಕೈ ಮಡಚುವುದು, ಅದಕ್ಕೇ ಸುಳ್ಳು ಅಂತ ಕಾಣುವುದು. ಡಮ್ಮಿ ಕೇಳಿ. ಕ್ಲೋಸಪ್‌ಗೆ ನಿಮ್ಮ ಭುಜದ ಲಯ ಮತ್ತು ಏದುಸಿರು ಸಾಕು. ಎರಡು ನಿಮಿಷ ಡಮ್ಮಿ ಒತ್ತಿ ನೋಡಿ, ಏದುಸಿರು ನಟಿಸಬೇಕಾಗಿಯೇ ಇಲ್ಲ. ಇನ್ನೊಂದು, ಮಾನಿಟರ್‌ನಲ್ಲಿ ಗೆರೆ ಸಪಾಟಾದಾಗ ಶಾಕ್ ಕೊಡುವುದಿಲ್ಲ. ಸ್ಕ್ರಿಪ್ಟ್‌ನಲ್ಲಿ ಹಾಗಿದ್ದರೆ ಮೆಡಿಕಲ್ ಅಡ್ವೈಸರ್ ಕಿವಿಗೆ ಮೆಲ್ಲಗೆ ಹಾಕಿ, ಎಲ್ಲರೆದುರು ಡೈರೆಕ್ಟರಿಗೆ ಪಾಠ ಮಾಡಬೇಡಿ. ಟಿವಿಯಲ್ಲಿ ರೋಗಿಗಳು ಏಳುವುದೂ ಸ್ವಲ್ಪ ಜಾಸ್ತಿಯೇ. ಅಮೆರಿಕದ ಸೀರಿಯಲ್‌ಗಳನ್ನು ನೋಡಿ ಲೆಕ್ಕ ಹಾಕಿದ 1996ರ ಒಂದು ಅಧ್ಯಯನದಲ್ಲಿ, ಎದೆ ಒತ್ತಿಸಿಕೊಂಡವರಲ್ಲಿ ನಾಲ್ಕಕ್ಕೆ ಮೂರು ಜನ ಆ ಕ್ಷಣಕ್ಕೆ ಬದುಕಿದ್ದರು!

ಕಷ್ಟದ ಸೀನ್ ಇದಲ್ಲ, ಸಾವಿನ ಸುದ್ದಿ ಹೇಳುವುದು. ನಾವೆಲ್ಲ ಕಣ್ಣು ತುಂಬಿಕೊಂಡು, ನಿಂತಲ್ಲೇ ತಲೆ ಅಲ್ಲಾಡಿಸಿ, 'ಸಾರಿ' ಅನ್ನುತ್ತೇವೆ, ಅಲ್ವಾ? ಡಾಕ್ಟರುಗಳಿಗೆ ಕಲಿಸುವುದೇ ಬೇರೆ: ಕುಳಿತುಕೊಳ್ಳಿ, ಸುತ್ತಿ ಬಳಸದೆ 'ತೀರಿಕೊಂಡರು' ಅಂತಲೇ ಹೇಳಿ, ಆಮೇಲೆ ಸುಮ್ಮನಿರಿ. ಆ ಸುಮ್ಮನಿರುವುದನ್ನು ಅಭ್ಯಾಸ ಮಾಡಿ. ಅಳು ಎದುರಿನ ನಟನ ಪಾಲು.

ಪ್ರಶ್ನೆ: ನನಗೆ ಸಿಕ್ಕಿರುವುದು ಪ್ರಜ್ಞೆ ತಪ್ಪಿದ ರೋಗಿಯ ಪಾತ್ರ. ಸುಮ್ನೆ ಮಲಗಿದರೆ ಆಯಿತಲ್ಲ?

ಉತ್ತರ: ಮಲಗಿ ನೋಡಿ, ರೆಪ್ಪೆ ಪಟಪಟ ಅನ್ನುತ್ತದೆ. ಮುಚ್ಚಿದ ಕಣ್ಣಿನೊಳಗೆ ದೃಷ್ಟಿ ಕೆಳಗಿಳಿಸಿ ಒಂದೇ ಕಡೆ ನಿಲ್ಲಿಸಿದರೆ ಅದು ಕಮ್ಮಿ ಆಗುತ್ತದೆ. ಉಸಿರು ಹೊಟ್ಟೆಯಿಂದ, ಸಣ್ಣಗೆ ಇರಲಿ. ಯಾರಾದರೂ ನಿಮ್ಮ ಕೈ ಎತ್ತಿದಾಗ ನೀವೂ ಸಹಾಯ ಮಾಡಬೇಡಿ, ಎಲ್ಲರೂ ಸಿಕ್ಕಿಬೀಳುವುದು ಅಲ್ಲೇ. ಮತ್ತೆ, ಲೈಟಿನ ಬಿಸಿಗೆ ನಿಜವಾಗಿ ನಿದ್ದೆ ಬರುತ್ತದೆ, ನನ್ನ ಗೊರಕೆಯಿಂದ ಒಂದು ಟೇಕ್ ಹಾಳಾಗಿದೆ.